ಐಸಿನಲ್ಲಿ ಇಟ್ಟ ಹಾವು

ಮೈಸೂರು
22 ಏಪ್ರಿಲ್ 2024

ಉಪ್ಪನಿಗೆ ಸಲಾಂ,

ಪೆರ್ನಾಳ್ ಹಬ್ಬಕ್ಕೆ ಬಂದು ಕಾಟಿಪಳ್ಳದ ಮನೆಯಲ್ಲಿ ಇದ್ದಷ್ಟು ದಿನವೂ ನೀವು ಸಿಟೌಟಿನಲ್ಲಿ, ಉಮ್ಮ ಅಡುಗೆಮನೆಯಲ್ಲಿ. ನಡುವೆ ಚಾ ಗ್ಲಾಸು ಹಿಡಿದುಕೊಂಡು ನಾನು. "ಉಪ್ಪನಿಗೆ ಊಟ ಬಡಿಸ್ಲಿಕ್ಕೆ ಉಂಟಾ ಕೇಳು" ಎಂದು ಉಮ್ಮ. "ಅವಳ ಮಾತ್ರೆ ಮುಗಿದಿದೆಯಾ ಕೇಳು" ಎಂದು ನೀವು. ಒಂದೇ ಗೋಡೆಯ ಆಚೆ ಈಚೆ ಇರುವವರಿಗೆ ನಾನು ಟಪಾಲಿನವಳಾದೆ. ಫೋನ್ ಮಾಡಿದರೆ ನೀವು "ಹ್ಞೂಂ" ಬಿಟ್ಟು ಬೇರೆ ಮಾತಾಡುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ಬ್ಯಾರಿ ಭಾಷೆಯಲ್ಲಿ ಬರೆದು ಅಭ್ಯಾಸ ಇಲ್ಲ, ಕನ್ನಡದಲ್ಲೇ ಬರೆಯುತ್ತೇನೆ. ನೀವೂ ಹಾಗೇ ಬರೆಯಿರಿ.

ಹೊರಡುವ ದಿನ ನಿಮ್ಮನ್ನು ಹುಡುಕಿಕೊಂಡು ಬಂದರಿಗೆ ಬಂದಿದ್ದೆ. ನೀವು ಮೀನಿನ ಏಲಂ ಕೂಗುತ್ತಾ ಇದ್ದಿರಿ. ನಮ್ಮ ಗಾಡಿಯ ಹಾಶಿಂಕಾಕ ಚಾ ಕುಡಿಸಿ ಒಂದು ಸಂಗತಿ ಹೇಳಿದರು. ಹೋದ ವರ್ಷ ತಮ್ಮ ಆಶಿಕ್‌ನನ್ನು ಕಚ್ಚಿದ ಹಾವು ಇನ್ನೂ ಕೋಲ್ಡ್ ಸ್ಟೋರೇಜಿನಲ್ಲಿ, ನಮ್ಮ ಮೀನಿನ ಪೆಟ್ಟಿಗೆಗಳ ಹಿಂದೆ ಉಂಟಂತೆ. "ನಿನ್ನ ಉಪ್ಪ ಅದನ್ನು ಬಿಸಾಡುವುದೂ ಇಲ್ಲ, ನೋಡುವುದೂ ಇಲ್ಲ ಮಾರಾಯ್ತಿ" ಎಂದರು.

ಉಪ್ಪ, ನನಗೆ ಆ ಹಾವು ಬೇಕು.

ನಿಮಗೆ ಹೇಳಿರಲಿಲ್ಲ. ಜನವರಿಯಲ್ಲಿ ನಾನು ಭತ್ತದ ಸಂಶೋಧನೆಯ ಕೆಲಸ ಬಿಟ್ಟು ಇದೇ ಸಂಸ್ಥೆಯ ಹಾವಿನ ವಿಷದ ಲ್ಯಾಬಿಗೆ ಸೇರಿದ್ದೇನೆ. ಹಾವಿನ ವಿಷಗ್ರಂಥಿಯ ಜೀನುಗಳನ್ನು ಓದಿ, ಆ ವಿಷದಲ್ಲಿ ಏನೇನು ಉಂಟು ಎಂದು ಕಂಡುಹಿಡಿಯುವುದು ಇಲ್ಲಿಯ ಕೆಲಸ. ಆಶಿಕ್‌ನಿಗೆ ಬಾಟಲಿ ಮೇಲೆ ಬಾಟಲಿ ಮದ್ದು ಕೊಟ್ಟರು. ಆದರೂ ಅವನ ಕಿಡ್ನಿ ನಿಂತಿತು, ತಮ್ಮ ಹೋದ. ಅಂದು ಐಸಿಯು ಹೊರಗೆ, ಎಲ್ಲರ ಎದುರು, ನೀವು ಉಮ್ಮನಿಗೆ ಹೇಳಿದ ಮಾತು ನಾನೂ ಕೇಳಿದ್ದೇನೆ. "ನಾಟಿ ಮದ್ದಿನವನ ಮನೆಗೆ ಕರ್ಕೊಂಡು ಹೋಗಿ ಬೆಳಿಗ್ಗೆ ಇಡೀ ಹಾಳು ಮಾಡಿದೆ. ನೀನೇ ಕೊಂದದ್ದು." ಅಲ್ಲಿಂದ ಇಲ್ಲಿವರೆಗೆ ನೀವಿಬ್ಬರು ಮಾತಾಡಿಲ್ಲ.

ಹಾವು ಯಾವುದು ಎಂದು ಗೊತ್ತಾದರೆ, ಆ ಬೆಳಿಗ್ಗೆ ಬೇಗ ಆಸ್ಪತ್ರೆಗೆ ಹೋಗಿದ್ದರೆ ಅವನು ಬದುಕುತ್ತಿದ್ದನಾ ಇಲ್ಲವಾ ಎಂದೂ ಗೊತ್ತಾಗುತ್ತದೆ. ಕೊಡಿ.

ನಿಮ್ಮ ಮಗಳು
ಸಫಾ


ಬಂದರ್, ಮಂಗಳೂರು
9 ಮೇ 2024

ಮೋಳೆ ಸಫಾ,

ಹಾಶಿಂನ ಬಾಯಿಗೆ ಬೀಗ ಇಲ್ಲ. ಇನ್ನು ಅವನಿಗೆ ನನ್ನ ಲೆಕ್ಕದಲ್ಲಿ ಚಾ ಇಲ್ಲ.

ಹಾವು ಇರುವುದು ನಿಜ. ಅಂದು ಫೋನ್ ಬಂದಾಗ ನಾನು ಬಂದರಿನ ದಕ್ಕೆಯಲ್ಲಿದ್ದೆ. ಮೀನಿನ ವ್ಯಾನಿನಲ್ಲೇ ಮನೆಗೆ ಹಾರಿದೆ. ಅಷ್ಟರಲ್ಲಿ ನಿನ್ನ ಉಮ್ಮ ಅವನನ್ನು ರಿಕ್ಷಾದಲ್ಲಿ ಹತ್ತಿಸಿಕೊಂಡು ಹೋಗಿ ಆಗಿತ್ತು. ಹಿತ್ತಿಲಿನ ತೆಂಗಿನ ಮಡಲಿನ ರಾಶಿಯ ಹತ್ತಿರ ಪಕ್ಕದ ಮನೆಯ ಬರ್ನಡೆಟ್ ಬಾಯಿ ಹಾವನ್ನು ಹೊಡೆದು, ಮೇಲೆ ಬಕೆಟ್ ಕವುಚಿ ಹಾಕಿ ಕಾಯುತ್ತಿದ್ದರು. "ಡಾಕ್ಟ್ರಿಗೆ ತೋರಿಸ್ಲಿಕ್ಕೆ ಬೇಕಾಗ್ತದೆ, ಕೊಂಡೋಗಿ" ಎಂದರು. ನಾನು ಅದನ್ನು ಥರ್ಮಕೋಲ್ ಪೆಟ್ಟಿಗೆಯಲ್ಲಿ ಇಟ್ಟೆ. ಕೆಳಗೆ ಐಸು ಹಾಕಿದೆ, ಮೇಲೆ ಐಸು ಹಾಕಿದೆ. ಬಂಗುಡೆಗೆ ಹಾಕಿದ ಹಾಗೆ ಸಂದಿಗೊಂದಿಗೆಲ್ಲ ತುಂಬಿದೆ. ಮಗನ ಜೀವ ಹೋಗುತ್ತಿರುವಾಗ ಹಾವಿಗೆ ಐಸು ತುಂಬುತ್ತಾ ಕೂತವ ನಾನು. ಎಂತ ಮಾಡುವುದು, ಹಾಳಾಗುವ ವಸ್ತು ಕಂಡರೆ ಈ ಕೈ ಐಸು ಹಾಕುತ್ತದೆ, ನನ್ನನ್ನು ಕೇಳುವುದಿಲ್ಲ.

ಆಸ್ಪತ್ರೆಯಲ್ಲಿ ಯಾವ ಹಾವು ಎಂದು ಕೇಳಿದರು. ಕೊಳಕುಮಂಡಲ ಎಂದೆ. ಕಂದು ಬಣ್ಣ, ದೊಡ್ಡ ತಲೆ. ಬೇರೆ ಎಂತ ಗೊತ್ತು ನನಗೆ? ಪೆಟ್ಟಿಗೆ ಯಾರೂ ತೆರೆಯಲಿಲ್ಲ. ವ್ಯಾನು ಬಂದರಿಗೆ ವಾಪಸ್ ಹೋಯಿತು, ಉಳಿದ ಪೆಟ್ಟಿಗೆಗಳೊಟ್ಟಿಗೆ ಅದೂ ಕೋಲ್ಡ್ ಸ್ಟೋರೇಜಿನ ಒಳಗೆ ಹೋಯಿತು.

ಆದರೆ ನಿನಗೆ ಕೊಡುವುದಿಲ್ಲ. ನೀನು ಓದಿದವಳು, ಲೆಕ್ಕ ಹಾಕು. ಮದ್ದು ಹಿಡಿಯುವ ಹಾವು ಎಂದಾದರೆ, ನಿನ್ನ ಉಮ್ಮನೇ ಮಗನನ್ನು ಕೊಂದಳು ಎಂದು ಮೆಷಿನು ಹೇಳಿದ ಹಾಗೆ. ಮದ್ದು ಹಿಡಿಯದ ಹಾವು ಎಂದಾದರೆ, ನಾನು ಇಲ್ಲದ್ದನ್ನು ಹೇಳಿ ಅವಳನ್ನು ಕೊಂದೆ ಎಂದು ಹೇಳಿದ ಹಾಗೆ. ಎರಡರಲ್ಲಿ ಯಾವುದು ಬಂದರೆ ನಮ್ಮ ಮನೆಗೆ ಒಳ್ಳೆಯದು? ನೀನೇ ಹೇಳು.

ಈಗ ನಮಗೆ ಎಂತದೂ ಆಗುವುದಿಲ್ಲ. ನೋವು ಸಹ ಇಲ್ಲ. ಬೆಳಿಗ್ಗೆ ದಕ್ಕೆಗೆ ಹೋಗುತ್ತೇನೆ, ಬರುತ್ತೇನೆ. ಅವಳು ಬಡಿಸಿಟ್ಟು ಒಳಗೆ ಹೋಗುತ್ತಾಳೆ. ತಿಂದು ಕೈ ತೊಳೆದ ಮೇಲೆ ಯಾವ ಮೀನು ತಿಂದೆ ಎಂದು ನನಗೇ ಗೊತ್ತಿರುವುದಿಲ್ಲ. ಹೀಗೇ ಇದ್ದು ಅಭ್ಯಾಸ ಆಗಿದೆ. ಕೆದಕಬೇಡ.

ಉಪ್ಪ


ಮೈಸೂರು
17 ಮೇ 2024

ಉಪ್ಪ,

ನಿಮ್ಮ ಲೆಕ್ಕ ಓದಿದೆ. ಎರಡೂ ಕಡೆ ನಷ್ಟ ಎಂದು ನೀವು ಅಂಗಡಿ ಬಾಗಿಲು ಹಾಕಿದ್ದೀರಿ, ಅಷ್ಟೇ.

ಕೆಲಸ ಹೇಗೆ ಎಂದು ಬರೆಯುತ್ತೇನೆ, ಕೇಳಿ. ಹಾವು ಕಚ್ಚಿದರೆ ನಮ್ಮ ದೇಶದಲ್ಲಿ ಕೊಡುವ ಮದ್ದು ನಾಲ್ಕು ಹಾವುಗಳ ವಿಷಕ್ಕೆ ಮಾಡಿದ್ದು: ನಾಗರ, ಕಟ್ಟು ಹಾವು, ಕೊಳಕುಮಂಡಲ, ಗರಗಸ ಮಂಡಲ. ಆ ವಿಷವನ್ನು ಸ್ವಲ್ಪ ಸ್ವಲ್ಪವೇ ಕುದುರೆಗೆ ಚುಚ್ಚಿ, ಕುದುರೆಯ ರಕ್ತದಿಂದ ಮದ್ದು ತೆಗೆಯುತ್ತಾರೆ. ಕಚ್ಚಿದ್ದು ಬೇರೆ ಹಾವಾದರೆ ಆ ಮದ್ದು ಅದರ ವಿಷವನ್ನು ಗುರುತು ಹಿಡಿಯುವ ಗ್ಯಾರಂಟಿ ಇಲ್ಲ. ಹಾವಿನ ಜಾತಿ ಅದರ ಮಾಂಸದ ಒಂದು ಚೂರಿನಿಂದ ಗೊತ್ತಾಗುತ್ತದೆ. ವಿಷದಲ್ಲಿ ಏನು ಉಂಟು ಎಂದು ತಿಳಿಯಲಿಕ್ಕೆ ಗ್ರಂಥಿ ಬೇಕು. ಏಲಂ ಮುಗಿದ ಕೂಡಲೇ ನೀವು ಹಾಶಿಂಕಾಕನಿಗೆ ಚೀಟಿ ಕೊಡುತ್ತೀರಲ್ಲ, ಯಾವ ಮೀನು ಯಾವ ಗಾಡಿಗೆ ಎಂದು? ಗ್ರಂಥಿಯ ಒಳಗೂ ಹಾಗೆ ಚೀಟಿಗಳು ಇರುತ್ತವೆ, ಇಂಥ ವಿಷ ಇಷ್ಟು ತಯಾರಿಸು ಎಂದು. ನಾವು ಓದುವುದು ಆ ಚೀಟಿಗಳನ್ನು. ಸತ್ತ ಹಾವಿನಲ್ಲಿ ಅವು ಬೇಗ ಹರಿದುಹೋಗುತ್ತವೆ. ನೀವು ಐಸು ಹಾಕಿದ್ದರಿಂದ ಕೆಲವಾದರೂ ಉಳಿದಿರಬಹುದು, ಖಂಡಿತ ಎಂದು ಹೇಳಲಾರೆ.

ಒಂದು ಸ್ಪಷ್ಟ ಮಾಡುತ್ತೇನೆ. ಏನು ಬರುತ್ತದೋ ಅದನ್ನೇ ಬರೆಯುತ್ತೇನೆ. ಮನೆಗೆ ಒಳ್ಳೆಯದು ನೋಡಿ ಬರೆಯುವ ಮಗಳು ಬೇಕಿದ್ದರೆ ಬೇರೆ ಕಡೆ ಹುಡುಕಿ.

ನೋವು ಇಲ್ಲ ಎಂದು ಬರೆದಿದ್ದೀರಿ. ನನಗೂ ಇಲ್ಲ ಉಪ್ಪ. ಆಶಿಕ್‌ನ ಫೋಟೋ ನೋಡುತ್ತೇನೆ, ಬಸ್ಸಿನಲ್ಲಿ ಪಕ್ಕ ಕೂತವನ ಮುಖ ನೋಡಿದ ಹಾಗೆ ಆಗುತ್ತದೆ. ನನಗೆ ಹೆದರಿಕೆ ಆಗುವುದು ಅದಕ್ಕೇ.

ಸಫಾ


ಬಂದರ್
29 ಮೇ 2024

ಮೋಳೆ,

ಜೂನ್ ಒಂದರಿಂದ ಮಳೆಗಾಲಕ್ಕೆ ಬೋಟುಗಳು ಬಂದ್. ಕೋಲ್ಡ್ ಸ್ಟೋರೇಜಿನವರು ಕರೆಂಟು ತೆಗೆದು ಎಲ್ಲ ಕೋಣೆ ತೊಳೆಯುತ್ತಾರೆ, ಪ್ರತಿ ವರ್ಷದ ಹಾಗೆ. "ಸಾಹುಕಾರ್ರೇ, ಆ ಹಿಂದಿನ ಪೆಟ್ಟಿಗೆ ಎಂತ ಮಾಡುದು? ಬಿಸಾಡುದಾ?" ಎಂದು ಕೇಳಿದರು. ಬಿಸಾಡಿ ಎಂದು ಹೇಳಲಿಕ್ಕೇ ಹೋದದ್ದು. ಬಾಯಿಗೆ ಬರಲಿಲ್ಲ.

ನೀನು ಹೇಳಿ ಕಳಿಸಿದ ಅರಣ್ಯ ಇಲಾಖೆಯವರು ಬಂದು ನೋಡಿ, ಹಾವು ಸಾಗಿಸುವ ಕಾಗದಕ್ಕೆ ಸಹಿ ಹಾಕಿ ಹೋಗಿದ್ದಾರೆ. ಹಾಶಿಂ ಇವತ್ತು ಸಂಪಾಜೆ ಘಾಟಿಯಾಗಿ ಮೈಸೂರಿಗೆ ಬರುತ್ತಾನೆ. ಮಡಿಕೇರಿಯಲ್ಲಿ ಐಸು ಬದಲಿಸಲಿಕ್ಕೆ ಹೇಳಿದ್ದೇನೆ. ನಾನು ತೆರೆದು ನೋಡಿಲ್ಲ.

ಉಮ್ಮನಿಗೆ ಹೇಳಿಲ್ಲ. ನೀನೂ ಹೇಳಬೇಡ.

ಉಪ್ಪ


ಮೈಸೂರು
24 ಜೂನ್ 2024

ಉಪ್ಪ,

ಪೆಟ್ಟಿಗೆ ಬಂದ ದಿನವೇ ಬರೆಯಬೇಕಿತ್ತು. ಬರೆಯಲು ಏನೂ ಇರಲಿಲ್ಲ.

ಪೆಟ್ಟಿಗೆಯ ಮೇಲೆ ನಮ್ಮ ಅಂಗಡಿಯ ಹೆಸರು, ಒಳಗೆ ಮೀನಿನ ವಾಸನೆ. ನನ್ನೊಟ್ಟಿಗೆ ಕೆಲಸ ಮಾಡುವ ಯಶ್ಮಿತಾ ಸುರತ್ಕಲ್ ಕಡೆಯವಳು. ಇದು ಯಾರನ್ನು ಕಚ್ಚಿದ ಹಾವು ಎಂದು ಅವಳಿಗೆ ಗೊತ್ತು. "ನೀನು ಹೊರಗೆ ಕೂತುಕೋ, ನಾನು ಮಾಡ್ತೇನೆ" ಎಂದಳು. ಬೇಡ ಎಂದೆ. ಕೈಗವಸು ಹಾಕಿಕೊಂಡು ನಾನೇ ಎತ್ತಿದೆ. ನಾನು ಅಂದುಕೊಂಡಿದ್ದಕ್ಕಿಂತ ಎಷ್ಟೋ ಸಣ್ಣದು ಉಪ್ಪ. ಒಂದು ಮೊಳವೂ ಇಲ್ಲ. ಬರ್ನಡೆಟ್ ಬಾಯಿಯ ಪೆಟ್ಟು ಬಿದ್ದದ್ದು ಬೆನ್ನಿಗೆ, ತಲೆ ಸರಿ ಇತ್ತು. ನೋಡಿದ ಕೂಡಲೇ ನನಗೆ ಒಂದು ಅಂದಾಜು ಬಂತು, ಆದರೆ ಚರ್ಮ ಕಪ್ಪಾಗಿ ಸುರುಟಿಹೋಗಿತ್ತು. ಅಂದಾಜನ್ನು ನಿಮಗೆ ಬರೆಯುವುದಿಲ್ಲ.

ದವಡೆಯ ಹಿಂದಿನಿಂದ ಗ್ರಂಥಿ ಬಿಡಿಸಿದೆ. ಯಶ್ಮಿತಾ ಪಕ್ಕದಲ್ಲೇ ನಿಂತಿದ್ದಳು. ಬೇರೆ ಯಾವುದೇ ಹಾವಿನ ಹಾಗೆ ಕೆಲಸ ಮುಗಿಸಿದೆ, ಕೈ ತೊಳೆದೆ, ಕ್ಯಾಂಟೀನಿಗೆ ಹೋಗಿ ಅನ್ನ ಸಾಂಬಾರು ತಿಂದೆ. ಯಶ್ಮಿತಾ ಊಟ ಮಾಡಲಿಲ್ಲ.

ಓದಿ ಮುಗಿಸಲು ಕೆಲವು ತಿಂಗಳು ಬೇಕು.

ಸಫಾ


ಕಾಟಿಪಳ್ಳ
20 ಜುಲೈ 2024

ಮೋಳೆ ಸಫಾ,

ಬೋಟು ಇಲ್ಲ, ದಕ್ಕೆ ಇಲ್ಲ, ಇಡೀ ದಿನ ಮನೆಯಲ್ಲಿ ಇದ್ದೇನೆ. ಇಷ್ಟು ಸಮಯ ನಿನ್ನ ಉಮ್ಮ ಹಗಲು ಎಂತ ಮಾಡುತ್ತಾಳೆ ಎಂದು ನಾನು ನೋಡಿರಲಿಲ್ಲ. ಕೆಲಸ ಮುಗಿಸಿ ಹಿತ್ತಿಲ ಬಾಗಿಲಿನ ಮೆಟ್ಟಿಲಲ್ಲಿ ಕೂರುತ್ತಾಳೆ. ಮಳೆ ನೀರು ಹಾರಿ ಸೀರೆ ಒದ್ದೆಯಾದರೂ ಏಳುವುದಿಲ್ಲ. ಬರ್ನಡೆಟ್ ಬಾಯಿ ಬೇಲಿಯ ಆಚೆಯಿಂದ "ಝೈನಬ್ ಬಾಯಿ, ಎಂತ ಆಲೋಚನೆ?" ಎಂದು ಕೇಳಿದರೆ "ಎಂತ ಇಲ್ಲ" ಎನ್ನುತ್ತಾಳೆ. ನಿಜವಾಗಿಯೂ ಎಂತದೂ ಇಲ್ಲದವಳ ಹಾಗೆ ಹೇಳುತ್ತಾಳೆ.

ನಿನ್ನೆ ನಾನು ಅವಳ ಹಿಂದೆ ನಿಂತು ಕೆಮ್ಮಿದೆ. ತಿರುಗಿ ನೋಡಿದಳು. "ಕೊಡೆ ಎಲ್ಲಿ?" ಎಂದೆ. ಬಾಗಿಲ ಮೂಲೆಗೆ ಕೈ ತೋರಿಸಿದಳು. ಕೊಡೆ ಹಿಡಿದು ಮಸೀದಿವರೆಗೆ ಹೋಗಿ ಸುಮ್ಮನೆ ವಾಪಸ್ ಬಂದೆ.

ಸಫಾ, ಮೇ ತಿಂಗಳಲ್ಲಿ ನೀನು ಬರೆದದ್ದು ನೆನಪುಂಟು, ಬಂದದ್ದನ್ನೇ ಬರೆಯುತ್ತೇನೆ ಎಂದು. ಆದರೂ ಕೇಳುತ್ತೇನೆ. ಮದ್ದು ಹಿಡಿಯದ ಹಾವು ಎಂದು ಬರೆ. ಮೆಷಿನು ಎಂತ ಬೇಕಾದರೂ ಹೇಳಲಿ. ನಾನು ಅವಳಿಗೆ ಓದಿ ಹೇಳಲಿಕ್ಕೆ ಒಂದು ಕಾಗದ ಬೇಕು. ತಪ್ಪು ನನ್ನ ತಲೆಗೆ ಬರಲಿ, ಪರವಾಗಿಲ್ಲ. ಇದನ್ನು ಕೇಳುವಾಗ ನನಗೆ ನಾಚಿಕೆ ಆಗುತ್ತದೆ.

ಉಪ್ಪ


ಮೈಸೂರು
12 ಸೆಪ್ಟೆಂಬರ್ 2024

ಉಪ್ಪ,

ನಿಮ್ಮ ಜುಲೈಯ ಕಾಗದಕ್ಕೆ ಉತ್ತರ ಬರೆಯಲಿಲ್ಲ. ಸುಳ್ಳು ಬರೆಯುವುದಿಲ್ಲ ಎಂದು ಇನ್ನೊಮ್ಮೆ ಹೇಳಿ ನಿಮ್ಮನ್ನು ನೋಯಿಸಲು ಮನಸ್ಸಿರಲಿಲ್ಲ. ಬರೆಯುತ್ತೇನೆ ಎಂದು ಹೇಳಲೂ ಆಗುತ್ತಿರಲಿಲ್ಲ. ಈಗ ಓದಿ ಮುಗಿದಿದೆ. ಇದರಲ್ಲಿ ನಿಮಗೋಸ್ಕರ ಬದಲಿಸಿದ್ದು ಒಂದು ಅಕ್ಷರವೂ ಇಲ್ಲ.

ಹಾವು ಕೊಳಕುಮಂಡಲ ಅಲ್ಲ. ಅದು ಮೂಗಿನ ತುದಿ ಮೇಲಕ್ಕೆ ಎದ್ದಿರುವ ಸಣ್ಣ ಗುಳಿಮಂಡಲ. ತರಗೆಲೆಯ ಬಣ್ಣ, ಮಡಲಿನ ಕೆಳಗೆ ಮಲಗಿದ್ದರೆ ಕಾಣುವುದೇ ಇಲ್ಲ. ಇದು ಕಚ್ಚಿದ ಹೆಚ್ಚಿನವರು ಬದುಕುತ್ತಾರೆ. ಕೆಲವರಿಗೆ ಕಿಡ್ನಿ ಹೋಗುತ್ತದೆ. ಮದ್ದು ಮಾಡುವ ಆ ನಾಲ್ಕು ಹಾವುಗಳಲ್ಲಿ ಇದು ಇಲ್ಲ.

ಗ್ರಂಥಿಯ ಚೀಟಿಗಳು ಹೆಚ್ಚಿನವು ಚೂರಾಗಿದ್ದವು. ಉಳಿದವನ್ನು, ಲ್ಯಾಬಿನಲ್ಲಿ ಮೊದಲೇ ಓದಿಟ್ಟಿದ್ದ ಅದೇ ಜಾತಿಯ ಇನ್ನೊಂದು ಹಾವಿನ ಚೀಟಿಗಳ ಪಕ್ಕದಲ್ಲಿ ಇಟ್ಟು ಜೋಡಿಸಿದೆವು. ರಕ್ತನಾಳದ ಗೋಡೆ ತಿನ್ನುವ ಪ್ರೋಟೀನು ಉಂಟು. ರಕ್ತದ ಹೆಪ್ಪು ಕೆಡಿಸುವವು ಉಂಟು. ಇನ್ನೊಂದು ಉಂಟು, ನಮ್ಮಲ್ಲಿ ಅದಕ್ಕೆ ಹೆಸರಿಲ್ಲ, ನಂಬರು ಮಾತ್ರ. ಅರಣ್ಯ ಇಲಾಖೆಯವರು ಹಿಡಿದಿದ್ದ ಜೀವಂತ ಗುಳಿಮಂಡಲದ ವಿಷ ತೆಗೆದು, ಆಸ್ಪತ್ರೆಯಲ್ಲಿ ಕೊಡುವ ಮದ್ದನ್ನು ಅದಕ್ಕೆ ಹಾಕಿ ನೋಡಿದೆವು. ಹಿಡಿಯಲಿಲ್ಲ. ಬೇರೆ ಬೇರೆ ದಿನ ಮತ್ತೆ ಮತ್ತೆ ಮಾಡಿದೆವು.

ಆಶಿಕ್‌ನ ಕಿಡ್ನಿ ಸೋತದ್ದು ಅವನು ಆಸ್ಪತ್ರೆಗೆ ಸೇರಿದ ಮೇಲೆ. ಡಯಾಲಿಸಿಸ್ ಕೂಡಲೇ ಶುರು ಮಾಡಿದ್ದಾರೆ, ಅವನ ರಿಪೋರ್ಟುಗಳನ್ನು ಇಲ್ಲಿಯ ಡಾಕ್ಟರಿಗೆ ತೋರಿಸಿದ್ದೇನೆ. ಉಮ್ಮ ಅಂದು ನೇರ ಆಸ್ಪತ್ರೆಗೆ ಹೋಗಿದ್ದರೂ ಕೊಡುತ್ತಿದ್ದದ್ದು ಅದೇ ಮದ್ದು. ನನಗೆ ತಿಳಿದ ಮಟ್ಟಿಗೆ ಆ ಬೆಳಿಗ್ಗೆಯಿಂದ ಏನೂ ಬದಲಾಗಲಿಲ್ಲ. ಮದ್ದಿನವನ ಮನೆಗೆ ಹೋದದ್ದು ಸರಿ ಎಂದು ನಾನು ಹೇಳುತ್ತಿಲ್ಲ. ಕಚ್ಚಿದ್ದು ಕೊಳಕುಮಂಡಲ ಆಗಿದ್ದರೆ ಇದೇ ಕಾಗದ ಬೇರೆ ತರ ಇರುತ್ತಿತ್ತು.

ಉಮ್ಮನಿಗೆ ನಾನೇ ಬರೆಯಬಹುದಿತ್ತು. ಆದರೆ ಆ ಮಾತು ಆಡಿದವರು ನೀವು. ನೀವೇ ಹೇಳಿ.

ಸಫಾ


ತೊಕ್ಕೊಟ್ಟು
3 ಅಕ್ಟೋಬರ್ 2024

ಸಫಾ,

ನನ್ನದು ಏಳನೆಯ ಕ್ಲಾಸಿನ ಕನ್ನಡ, ತಪ್ಪಿದ್ದರೆ ತಿದ್ದಿಕೊಂಡು ಓದು. ನಾನೀಗ ನಜ್ಲಾಳ ಮನೆಯಲ್ಲಿ ಇದ್ದೇನೆ. ತಂಗಿಯ ಮನೆ, ಯಾರೂ ಎಂತ ಕೇಳುವುದಿಲ್ಲ.

ಏಪ್ರಿಲಿನಿಂದ ನೀವಿಬ್ಬರು ನನ್ನ ಬಗ್ಗೆ ಕಾಗದ ಬರೆದುಕೊಂಡಿರಿ, ಕಪಾಟಿನಲ್ಲಿ ನಿನ್ನ ಕಾಗದಗಳು ಸಿಕ್ಕಿದವು. ನಾನು ಅಡುಗೆಮನೆಯಲ್ಲೇ ಇದ್ದೆ. ಒಬ್ಬರಾದರೂ ನನ್ನ ಹತ್ತಿರ ಬಂದು, ಅಂದು ಬೆಳಿಗ್ಗೆ ಎಂತ ಆಯಿತು ಎಂದು ಕೇಳಬಹುದಿತ್ತು. ಅವನ ಕಾಲು ಕಣ್ಣೆದುರೇ ಊದುತ್ತಿತ್ತು. ಆಸ್ಪತ್ರೆ ದೂರ, ಮದ್ದಿನವನ ಮನೆ ಹತ್ತಿರ. ಅವನು ಸೊಪ್ಪು ಅರೆದು ಕಟ್ಟಿದ, ಕಾಯಿರಿ ಎಂದ, ಕಾದೆ. ಅಷ್ಟೇ ನನ್ನ ಬುದ್ಧಿ.

ನಿನ್ನ ಕಾಗದವನ್ನು ನಿನ್ನ ಉಪ್ಪ ಅಡುಗೆಮನೆಯ ಬಾಗಿಲಲ್ಲಿ ನಿಂತು ಓದಿದರು. ಜೀನು, ಪ್ರೋಟೀನು ಎಲ್ಲ ಓದಿದರು. ಕೊನೆಗೆ "ನೋಡು, ನಿನ್ನ ತಪ್ಪಿಲ್ಲ ಎಂದು ಸಫಾ ಬರೆದಿದ್ದಾಳೆ" ಎಂದರು.

"ಸಫಾ ಬರೆದದ್ದು ಕೇಳಿದೆ. ನೀವು ಎಂತ ಹೇಳ್ತೀರಿ?" ಎಂದು ಕೇಳಿದೆ. ಅವರೊಟ್ಟಿಗೆ ಅಷ್ಟು ಮಾತಾಡಿ ಒಂದು ವರ್ಷ ಆಗಿತ್ತು.

"ಅದೇ ಹೇಳ್ತೇನೆ" ಎಂದರು.

"ಅದೇ ಅಂದ್ರೆ ಎಂತ?"

ಕಾಗದ ಮಡಚಿದರು, ಬಿಡಿಸಿದರು, ಪುನಃ ಮಡಚಿದರು. ನನ್ನ ಮೇಲೆ ಆ ಮಾತು ಎಸೆಯುವಾಗ ಅವರಿಗೆ ಕಾಗದ ಬೇಕಾಗಿರಲಿಲ್ಲ. ನಾನು ಬಟ್ಟೆ ಕಟ್ಟಿಕೊಂಡು ಇಲ್ಲಿಗೆ ಬಂದೆ. ಸಿಟ್ಟಿನಿಂದ ಬಂದದ್ದಲ್ಲ, ಸಿಟ್ಟು ಬರುವುದಿಲ್ಲ ನನಗೆ.

ನೀನು ಕಷ್ಟಪಟ್ಟು ಕಂಡುಹಿಡಿದದ್ದು ಒಳ್ಳೆಯದಾಯಿತು. ಮುಂದೆ ಯಾರಾದರೂ ಒಬ್ಬರ ಮಗ ಉಳಿಯಲಿ. ಆದರೆ ಒಂದು ಹೇಳುತ್ತೇನೆ. ನನ್ನ ತಪ್ಪು ಎಂದು ಇರುವಾಗ ನಮಾಜಿನ ಮೇಲೆ ಕೈ ಎತ್ತಿ ಮಾಫಿ ಕೇಳುತ್ತಿದ್ದೆ. ಈಗ ಕೈ ಎತ್ತಿದರೆ ಎಂತ ಕೇಳಬೇಕು ಎಂದು ಗೊತ್ತಾಗುವುದಿಲ್ಲ.

ಹೊತ್ತು ಹೊತ್ತಿಗೆ ಊಟ ಮಾಡು.

ಉಮ್ಮ


ತೊಕ್ಕೊಟ್ಟು
8 ನವೆಂಬರ್ 2024, ಶುಕ್ರವಾರ

ಮೋಳೆ ಸಫಾ,

ನಜ್ಲಾಳ ಮನೆಯಲ್ಲೇ ಕೂತು ಬರೆಯುತ್ತಿದ್ದೇನೆ. ಪ್ರತಿ ಶುಕ್ರವಾರ ಜುಮಾ ನಮಾಜು ಮುಗಿಸಿ ಇಲ್ಲಿಗೆ ಬರುತ್ತಿದ್ದೆ. ನಜ್ಲಾ ಕುರ್ಚಿ ಹಾಕುತ್ತಾಳೆ, ಶರಬತ್ತು ಕೊಡುತ್ತಾಳೆ. ನಿನ್ನ ಉಮ್ಮ ಎದುರು ಬಂದು ಕೂರುತ್ತಾಳೆ. ನಾನು ಬೂತಾಯಿ ಮೀನು ಬಾರದ್ದು ಹೇಳುತ್ತೇನೆ. ನೇತ್ರಾವತಿ ಸೇತುವೆಯಲ್ಲಿ ಗಾಡಿ ಸಿಕ್ಕಿಹಾಕಿಕೊಂಡದ್ದು ಹೇಳುತ್ತೇನೆ. ಎದ್ದು ಹೋಗುತ್ತೇನೆ.

ಇವತ್ತು ಹೇಳಿದೆ. ನಿನ್ನ ಕಾಗದ ತಂದಿರಲಿಲ್ಲ. "ಝೈನಬ್, ಆಶಿಕ್ ಹೋದದ್ದು ನಿನ್ನಿಂದ ಅಲ್ಲ. ನಾನು ಹೇಳಿದ್ದು ತಪ್ಪು. ಹಾವು ಯಾವುದೇ ಆಗಿದ್ರೂ ನಾನು ಹಾಗೆ ಹೇಳ್ಬಾರದಿತ್ತು" ಎಂದೆ.

ಅವಳು, "ಅವನ ಮಯ್ಯತ್ ಎತ್ತುವಾಗ ನಾನು ಅಳ್ಲಿಲ್ಲ, ನೀವು ನೋಡಿದ್ದೀರಾ?" ಎಂದು ಕೇಳಿದಳು.

ನಾನು ನೋಡಿರಲಿಲ್ಲ. ಇಲ್ಲ ಎಂದೆ.

"ಕೊಂದವಳು ಜನರ ಎದುರು ಕೂತು ಅಳುದು ಹೇಗೆ? ತಡ್ಕೊಂಡೆ. ಆಮೇಲೆ ಒಬ್ಬಳೇ ಇರುವಾಗ ಅಳುವ ಅಂತ ನೋಡಿದೆ. ಬರ್ಲೇ ಇಲ್ಲ" ಎಂದಳು.

ಅಷ್ಟು ಹೇಳಿದವಳ ಬಾಯಿ ಒಂದು ಕಡೆಗೆ ಎಳೆಯಿತು. ಮೊದಲು ಶಬ್ದ ಬರಲಿಲ್ಲ. ಆಮೇಲೆ ಬಂತು. ಅಂಥ ಕೂಗು ನಾನು ಕೇಳಿರಲಿಲ್ಲ ಸಫಾ. ಅಕ್ಕಪಕ್ಕದ ಮನೆಯವರು ಗೇಟಿನ ಹತ್ತಿರ ಬಂದು ನಿಂತರು. ನಜ್ಲಾ ಅವರಿಗೆ ಎಂತ ಹೇಳುವುದು ಎಂದು ತಿಳಿಯದೆ ನನ್ನ ಮುಖ ನೋಡಿದಳು. ನಾನು ಎದ್ದು ಹೋಗಿ ನಿನ್ನ ಉಮ್ಮನ ಪಕ್ಕ ನೆಲದಲ್ಲಿ ಕೂತೆ. ನನಗೂ ತಡೆಯಲಿಕ್ಕೆ ಆಗಲಿಲ್ಲ. ಸಂಜೆಯ ಅಸರ್ ನಮಾಜಿನ ಬಾಂಗ್ ಕೊಟ್ಟು ಎಷ್ಟೋ ಹೊತ್ತಾಗಿದೆ, ಅವಳು ಇನ್ನೂ ಅವನ ಹೆಸರು ಹಿಡಿದು ಕರೆಯುತ್ತಾ ಇದ್ದಾಳೆ.

ನಮ್ಮ ಮಗ ಇವತ್ತು ಸತ್ತ. ನೀನು ಹೊರಟು ಬಾ.

ಉಪ್ಪ